ಎಲೆಯ ಬೆನ್ನು, ಅಣಬೆಯ ಅಡಿ: ಮಾನಸಗಂಗೋತ್ರಿಯಲ್ಲಿ ಹೆಸರು ಹುಡುಕಿದ್ದು

ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ನಾನು ಬಂದಿದ್ದು ಅರ್ಥಶಾಸ್ತ್ರ ಓದೋಕೆ. ಹಕ್ಕಿ, ಹುಳ, ಅಣಬೆ ಯಾವುದೂ ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ. ಆದರೆ ಕ್ಯಾಂಪಸ್ಸಿನ ಮಗ್ಗುಲಿಗೇ ಕುಕ್ಕರಹಳ್ಳಿ ಕೆರೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕೆರೆ. ಆಗ ಊರಾಚೆ ಇದ್ದದ್ದು ಈಗ ಊರೊಳಗೆ ಬಂದುಬಿಟ್ಟಿದೆ. ಬೆಳಿಗ್ಗೆ ಏರಿ ಮೇಲೆ ವಾಕಿಂಗ್ ಬರುವವರ ಸಾಲು, ಕೆರೆ ನಡುವಿನ ಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳ ಸಂಸಾರ. ಓದು ಬೇಜಾರಾದಾಗ ಎದ್ದು ಹೋಗೋಕೆ ಇದಕ್ಕಿಂತ ಒಳ್ಳೆ ಜಾಗ ಮೈಸೂರಿನಲ್ಲಿ ನನಗಂತೂ ಕಂಡಿಲ್ಲ.

ಇಲ್ಲಿ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೆಸರು ಹುಡುಕುವ ಚಟ ನನಗೆ ಹತ್ತಿತು. ಆ ದಾರಿ ಹೇಗಿತ್ತು ಅಂತ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಣ್ಣು ಎಷ್ಟೇ ಚುರುಕಾಗಿರಲಿ, ಕ್ಯಾಮೆರಾ ಎಷ್ಟೇ ದುಬಾರಿಯದಾಗಿರಲಿ, ಎಲ್ಲಿ ನೋಡಬೇಕು ಅಂತ ಗೊತ್ತಿಲ್ಲದಿದ್ದರೆ ಹೆಸರು ಸಿಗುವುದಿಲ್ಲ. ಹಕ್ಕಿಯಲ್ಲಿ ಒಂದು ಕಡೆ, ಗಿಡದಲ್ಲಿ ಇನ್ನೊಂದು ಕಡೆ, ಅಣಬೆಯಲ್ಲಂತೂ ಯಾರೂ ನೋಡದ ಕಡೆ.

ಶುರುವಾಗಿದ್ದು ಹಕ್ಕಿಗಳಿಂದ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ಹಕ್ಕಿ ಎಣಿಕೆ ನಡೆಯುತ್ತದೆ. ನಮ್ಮ ದೇಶದಲ್ಲಿ 2013ರಿಂದ ನಡೆಯುತ್ತಿದೆ. ಅದರ ಜೊತೆಗೇ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಅಂತ ಕ್ಯಾಂಪಸ್ ಬರ್ಡ್ ಕೌಂಟ್ ಕೂಡ ಇರುತ್ತದೆ. ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಗೆಳತಿಯೊಬ್ಬಳು, "ಸುಮ್ನೆ ಬಾರೆ, ಬರ್ಕೊಳ್ಳೋಕೆ ಒಬ್ಬರು ಬೇಕು" ಅಂತ ಎಳೆದುಕೊಂಡು ಹೋದಳು. ನಿಯಮ ಸರಳ. ಕನಿಷ್ಠ 15 ನಿಮಿಷ ನೋಡಬೇಕು. ಕಂಡದ್ದು, ಕೂಗು ಕೇಳಿದ್ದು ಎರಡನ್ನೂ ಬರೆಯಬೇಕು. ಎಷ್ಟಿವೆ ಅಂತ ಎಣಿಸಬೇಕು. ಆಮೇಲೆ ಇಬರ್ಡ್ ಅನ್ನುವ ಆನ್‌ಲೈನ್ ಹಕ್ಕಿ ದಾಖಲೆಗೆ ಹಾಕಬೇಕು. ಕಾಗೆ, ಪಾರಿವಾಳ ಅಂತ ಬಿಡುವ ಹಾಗಿಲ್ಲ.

ಕೆರೆ ಹಕ್ಕಿಗಳು ಹೊಸಬರಿಗೆ ಅನುಕೂಲ. ದೊಡ್ಡವು, ಬಯಲಲ್ಲಿ ಕೂರುತ್ತವೆ, ಓಡಿಹೋಗುವುದಿಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಇವನ್ನು ಯಾರಾದರೂ ಒಂದು ಸಲ ತೋರಿಸಿದರೆ ಸಾಕು, ಆಯುಷ್ಯಪೂರ್ತಿ ನೆನಪಿರುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದವರಿಗೆ ಇವೆರಡೂ ಮೊದಲೇ ಪರಿಚಯ. ಕಷ್ಟ ಇರೋದು ನೀರುಕಾಗೆಗಳಲ್ಲಿ. ಒಣಗಿದ ಕೊಂಬೆ ಮೇಲೆ ಕಪ್ಪಗೆ ಸಾಲಾಗಿ ಕೂತಿರುತ್ತವೆ. ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ. ದೂರದಿಂದ ಎಲ್ಲ ಒಂದೇ.

ಗೆಳತಿ ಬೈನಾಕ್ಯುಲರ್ ಕೈಗೆ ಕೊಟ್ಟು, "ಮೈ ಬಿಡು, ಮುಖ ನೋಡು" ಅಂದಳು. ನೋಡಿದೆ. ಕೆಲವಕ್ಕೆ ಗಿಡ್ಡ ಕೊಕ್ಕು, ಹಣೆ ಗುಂಡಗೆ ಎದ್ದಿದೆ. ಅವು ಪುಟ್ಟ ನೀರುಕಾಗೆ. ಕೆಲವಕ್ಕೆ ಉದ್ದನೆಯ ತೆಳು ಕೊಕ್ಕು, ತುದಿಯಲ್ಲಿ ಸಣ್ಣ ಕೊಕ್ಕೆ, ಕಣ್ಣು ಹಸಿರು ಬೆರೆತ ನೀಲಿ. ಅವು ಭಾರತದ ನೀರುಕಾಗೆ. ಇವೆರಡರ ಪಕ್ಕದಲ್ಲಿ ಇನ್ನೊಂದು, ಕತ್ತು ಹಾವಿನ ಹಾಗೆ, ಕೊಕ್ಕು ನೆಟ್ಟಗೆ ಭರ್ಜಿ. ಕೊಕ್ಕೆ ಇಲ್ಲ. ಅದು ಹಾವಕ್ಕಿ. ಹಾವಕ್ಕಿ ಈಜುವಾಗ ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ. ಅಷ್ಟು ದಿನ ಕಪ್ಪು ಹಕ್ಕಿ ಅಂತ ಒಂದೇ ಲೆಕ್ಕದಲ್ಲಿದ್ದವು ಮೂರಾದವು. ಆ ಖುಷಿ ಇದೆಯಲ್ಲ, ಅದೇ ಚಟಕ್ಕೆ ಮೂಲ.

ಚಳಿಗಾಲದ ಸಣ್ಣ ಹಕ್ಕಿಗಳಲ್ಲಿ ಮುಖ ನೋಡಿದರೂ ಉಪಯೋಗವಿಲ್ಲ. ಹಿಮಾಲಯದ ಕಡೆಯಿಂದಲೂ ಅದರಾಚೆಯಿಂದಲೂ ಬರುವ ಉಲಿಯಕ್ಕಿಗಳು, ಅಂದರೆ ವಾರ್ಬ್ಲರ್‌ಗಳು, ಎಲೆಗಳ ನಡುವೆ ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ. ಹಸಿರು ಬೆನ್ನು, ಹುಬ್ಬಿನ ಮೇಲೊಂದು ಮಸುಕು ಗೆರೆ, ಅಷ್ಟೇ ಕಾಣೋದು. ಇಲ್ಲಿ ಕಿವಿ ಬೇಕು. ಗ್ರೀನಿಶ್ ವಾರ್ಬ್ಲರ್ ಎರಡು ತುಂಡಾಗಿ 'ಚಿಸ್-ವಿ' ಅನ್ನುತ್ತದೆ. ಅದರ ಹತ್ತಿರದ ಸಂಬಂಧಿ ಗ್ರೀನ್ ವಾರ್ಬ್ಲರ್ ಮೂರು ತುಂಡಾಗಿ ಹೇಳುತ್ತದೆ. ಪೊದೆಯೊಳಗೆ ಕೂತು ಎರಡು ಕಲ್ಲು ತಟ್ಟಿದ ಹಾಗೆ 'ಟಕ್, ಟಕ್' ಅನ್ನೋದು ಬ್ಲಿತ್ಸ್ ರೀಡ್ ವಾರ್ಬ್ಲರ್. ಅದನ್ನು ನಾನು ಕೇಳಿದ್ದು ಲೆಕ್ಕವಿಲ್ಲ, ಕಂಡಿದ್ದು ಅಪರೂಪ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ನಿಜ. ಆದರೆ ನಮ್ಮಲ್ಲಿ ಎಲೆಹಕ್ಕಿ ಅಂತ ಒಂದಿದೆ. ಬೇರೆ ಹಕ್ಕಿಗಳ ಕೂಗನ್ನೆಲ್ಲ ಅನುಕರಿಸುವ ಮಿಮಿಕ್ರಿ ಕಲಾವಿದ. ಅದು ಹಾಡೋಕೆ ಶುರು ಮಾಡಿದರೆ ಫೋನಿನ ಪರದೆ ಮೇಲೆ ಒಂದಾದ ಮೇಲೊಂದು ಹೆಸರು ಏಳುತ್ತವೆ, ಮರದ ಮೇಲೆ ಇರೋದು ಒಂದೇ ಹಸಿರು ಹಕ್ಕಿ.

ಹಕ್ಕಿಗೆ ಬೈನಾಕ್ಯುಲರ್ ಬೇಕು, ಬೆಳಿಗ್ಗೆ ಬೇಗ ಏಳಬೇಕು. ಗಿಡಮರಕ್ಕೆ ಎರಡೂ ಬೇಡ. ಮಧ್ಯಾಹ್ನ ಊಟ ಆದ ಮೇಲೆ ಹೋದರೂ ಅಲ್ಲೇ ನಿಂತಿರುತ್ತವೆ. ಹಾಗಂತ ಮರಕ್ಕೆ ಕೈ ಹಾಕಿದೆ.

ಕ್ಯಾಂಪಸ್ ಮರಗಳಲ್ಲಿ ಒಂದು ತೊಡಕಿದೆ. ಯಾವುದು ತಾನಾಗಿ ಬೆಳೆದದ್ದು, ಯಾವುದು ನೆಟ್ಟದ್ದು? ಮಳೆಮರ, ಗುಲ್‌ಮೊಹರ್ ಎಲ್ಲ ಹೊರದೇಶದಿಂದ ಬಂದು ಸಾಲಾಗಿ ನಿಂತವು. ಕಾಡುಗಿಡದ ಪಟ್ಟಿಗೆ ಅವನ್ನು ಸೇರಿಸುವ ಹಾಗಿಲ್ಲ. ಆದರೆ ಆಲದ ಜಾತಿಯವು ಹಾಗಲ್ಲ. ಹಕ್ಕಿ ಹಣ್ಣು ತಿಂದು ಎಲ್ಲೋ ಹಿಕ್ಕೆ ಹಾಕುತ್ತದೆ. ಗೋಡೆ ಬಿರುಕು, ಈಚಲ ಮರದ ಮೈ, ಎಲ್ಲಿ ಬೇಕಾದರೂ ಏಳುತ್ತವೆ. ಅವು ತಮ್ಮಷ್ಟಕ್ಕೆ ತಾವು ಬಂದ ನೆಂಟರು.

ಈ ಆಲದ ಬಳಗ ಗುರುತಿಸೋದು ಹೇಗೆ ಅಂತ ಹೇಳಿಕೊಟ್ಟಿದ್ದು ಗೆಳತಿ. ಒಂದು ಎಲೆ ಕಿತ್ತರೆ ಬಿಳಿ ಹಾಲು. ಎಳೆ ಕೊಂಬೆ ತುದಿಯಲ್ಲಿ ಮೊಗ್ಗಿನ ಮೇಲೆ ಒಂದು ತೆಳು ಟೋಪಿ ಇರುತ್ತದೆ. ಅದು ಉದುರಿದರೆ ಕೊಂಬೆ ಸುತ್ತ ಉಂಗುರದ ಹಾಗೆ ಗುರುತು ಉಳಿಯುತ್ತದೆ. ಹಾಲೂ ಇದೆ, ಉಂಗುರವೂ ಇದೆ ಅಂದರೆ ಈ ಬಳಗವೇ ಇರಬೇಕು ಅಂತ ಮುಂದೆ ಹೋಗಬಹುದು. ಆಮೇಲೆ ಎಲೆ ತುದಿ ಬಾಲದ ಹಾಗೆ ಉದ್ದಕ್ಕೆ ಎಳೆದಿದ್ದರೆ ಅರಳಿ. ಕಾಂಡದ ಮೈಗೇ ಹಣ್ಣು ಗೊಂಚಲು ಕಟ್ಟಿದ್ದರೆ ಅತ್ತಿ. ಬಿಳಲು ಬಿಟ್ಟು ಕೆಂಪು ಹಣ್ಣು ಇದ್ದರೆ ಆಲ. ಎಲೆಯೆಲ್ಲ ಉದುರಿಸಿ ಕೆಲವೇ ದಿನದಲ್ಲಿ ತಾಮ್ರದ ಬಣ್ಣದ ಚಿಗುರು ಹೊದ್ದರೆ ಬಸರಿ.

ಇಷ್ಟು ಕಲಿತ ಮೇಲೂ ಒಂದು ಮರ ಯಾವುದಕ್ಕೂ ಹೊಂದಲಿಲ್ಲ. ದಪ್ಪ ಎಲೆ, ಎಳೆ ಎಲೆಯ ಬೆನ್ನಿಗೆ ಕಂದು ನವಿರು, ಹಣ್ಣು ಆಲದ್ದಕ್ಕಿಂತ ದೊಡ್ಡದು, ಕಿತ್ತಳೆ ಬಣ್ಣ. ಬಿಳಲು ಹೆಚ್ಚು ಇಲ್ಲ. ಬುಡದಲ್ಲಿ ನಿಂತು ಎಲೆ ತಿರುಗಿಸಿ ನೋಡುತ್ತಿದ್ದಾಗ ತೋಟದ ಕೆಲಸದ ಹಿರಿಯರೊಬ್ಬರು ಬಂದರು.

"ಏನವ್ವಾ, ಏನ್ ಕಳ್ಕಂಡಿದ್ದೀಯ?"

"ಏನಿಲ್ಲ ಅಣ್ಣ, ಈ ಮರ ಯಾವ್ದು ಅಂತ ನೋಡ್ತಿದ್ದೆ."

"ಗೋಣಿ ಮರ ಕಣವ್ವ. ಹಣ್ಣಾದಾಗ ಬಾ, ಹಕ್ಕಿ ಗಲಾಟೆಗೆ ನಿಂತ್ಕಳಕ್ಕಾಗಲ್ಲ ಇಲ್ಲಿ."

ಅಲ್ಲಿಗೆ ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಿತು. ಗೋಣಿ ಅಂತ ಹಿಡಿದು ಹುಡುಕಿದಾಗ ಇನ್ನೊಂದು ಸಿಕ್ಕಿತು. ಇದಕ್ಕೆ ಹಿಂದೆ ಇದ್ದ ವೈಜ್ಞಾನಿಕ ಹೆಸರು ಫೈಕಸ್ ಮೈಸೊರೆನ್ಸಿಸ್. ನಮ್ಮೂರಿನ ಹೆಸರನ್ನೇ ಹೊತ್ತ ಮರ! ಈಗ ಅದನ್ನು ಫೈಕಸ್ ಡ್ರೂಪೇಸಿಯಾ ಒಳಗೆ ಸೇರಿಸಿದ್ದಾರೆ. ಹಿರಿಯರು ಹೇಳಿದ್ದು ಸುಳ್ಳಲ್ಲ. ಹಣ್ಣಾದ ಕಾಲದಲ್ಲಿ ಕುಟ್ರು ಹಕ್ಕಿ, ಕೋಗಿಲೆ, ಮೈನಾ ಎಲ್ಲ ಸೇರಿ ಸಂತೆ ಮಾಡಿಬಿಡುತ್ತವೆ.

ಮರಕ್ಕಿಂತ ಕಷ್ಟ ಕಾಲಡಿಯ ಗಿಡಗಳು. ಕಾಂಗ್ರೆಸ್ ಗಿಡ, ಲಂಟಾನ, ಎಕ್ಕ, ಉತ್ತರಾಣಿ, ನಾಚಿಕೆ ಮುಳ್ಳು ಇವು ಎಲ್ಲರಿಗೂ ಗೊತ್ತು. ತುಂಬೆ ಕೂಡ ಗೊತ್ತು ಅಂದುಕೊಳ್ಳುತ್ತೇವೆ. ಶಿವನ ಪೂಜೆಗೆ ಬಿಡಿಸಿ ತರುವ ಹೂವು, ಗೊತ್ತಿಲ್ಲದೆ ಏನು? ಆದರೆ ತುಂಬೆಯಲ್ಲೂ ಹಲವು ಜಾತಿ ಇವೆ. ಎಲ್ಲಕ್ಕೂ ಅದೇ ಬಿಳಿ ಹೂವು, ಅದೇ ಚೌಕ ಕಾಂಡ, ಎದುರುಬದುರು ಎಲೆ. ಬಿಳಿ ಹೂವನ್ನು ಎಷ್ಟು ಚೆಂದ ಫೋಟೊ ತೆಗೆದರೂ ಜಾತಿ ಗೊತ್ತಾಗುವುದಿಲ್ಲ. ಗೊತ್ತಾಗೋದು ಹೂವು ಉದುರಿದ ಮೇಲೆ ಉಳಿಯುವ ಹಸಿರು ಬಟ್ಟಲಿನಲ್ಲಿ.

ಇಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಮಡಚುವ ಲೆನ್ಸ್ ಬೇಕು. ಲೆನ್ಸನ್ನು ಕಣ್ಣಿಗೆ ಅಂಟಿಸಿದ ಹಾಗೆ ಹಿಡಿದು, ಹೂವನ್ನು ಹತ್ತಿರ ತರಬೇಕು. ಆ ಪುಟ್ಟ ಬಟ್ಟಲು ಆಗ ಮೊರದಷ್ಟಾಗುತ್ತದೆ. ಸಾಮಾನ್ಯ ತುಂಬೆ, ಅಂದರೆ ಲ್ಯೂಕಾಸ್ ಆಸ್ಪೆರಾದಲ್ಲಿ ಈ ಬಟ್ಟಲು ಸ್ವಲ್ಪ ಬಾಗಿದೆ. ಕೆಳಗಿನ ಅರ್ಧ ತೆಳುವಾಗಿ, ನುಣ್ಣಗಿದೆ. ಮೇಲಿನ ಅರ್ಧಕ್ಕೆ ಉದ್ದುದ್ದ ಗೆರೆ, ಒರಟು ಕೂದಲು. ಬಾಯಿ ನೆಟ್ಟಗಿಲ್ಲ, ಓರೆಯಾಗಿ ಕತ್ತರಿಸಿದ ಹಾಗಿದೆ. ಬಾಯಿ ಅಂಚಿನ ಸಣ್ಣ ಹಲ್ಲುಗಳಲ್ಲಿ ಮೇಲಿನದೊಂದು ಎಲ್ಲಕ್ಕಿಂತ ದೊಡ್ಡದು. ಇಷ್ಟನ್ನೂ ನೋಡಿ ಮುಗಿಸುವಾಗ ಬೆನ್ನು ಹಿಡಿದುಕೊಂಡಿರುತ್ತದೆ, ಮೂಗಿಗೆ ಇರುವೆ ಹತ್ತಿರುತ್ತದೆ. ಆದರೆ ದಿನಾ ತುಳಿದು ಓಡಾಡುವ ಗಿಡದಲ್ಲಿ ಇಂಥದ್ದೊಂದು ಕುಸುರಿ ಕೆಲಸ ಇದೆ ಅಂತ ಕಂಡ ಮೇಲೆ ಅದನ್ನು ಕಳೆ ಅಂತ ಕರೆಯೋಕೆ ಬಾಯಿ ಬರಲ್ಲ.

ಗೆಳತಿ ಮೇಜಿನ ಮೇಲೆ ಹಾಸನ ಜಿಲ್ಲೆಯ ಸಸ್ಯಗಳ ದಪ್ಪ ಪುಸ್ತಕ ಇರುತ್ತಿತ್ತು. ಸಾಲ್ಡಾನ್ಹಾ ಮತ್ತು ನಿಕಲ್ಸನ್ 1976ರಲ್ಲಿ ತಂದದ್ದು. ಚಿತ್ರ ನೋಡಿ ಹೋಲಿಸುವ ಪುಸ್ತಕ ಅಲ್ಲ ಅದು. ಪ್ರತಿ ಮೆಟ್ಟಿಲಲ್ಲೂ ಎರಡೇ ಪ್ರಶ್ನೆ. ಎಲೆ ಹೀಗಿದೆಯೋ, ಹಾಗಿದೆಯೋ? ಉತ್ತರ ಹೇಳಿದರೆ ಮುಂದಿನ ನಂಬರಿಗೆ ಕಳಿಸುತ್ತದೆ. ಅಲ್ಲಿ ಇನ್ನೊಂದು ಜೋಡಿ ಪ್ರಶ್ನೆ. ತಾಳ್ಮೆ ಪರೀಕ್ಷೆ ಮಾಡುವ ವಿಧಾನ. ಆದರೂ ನನಗೆ ಅದರಿಂದಾದ ಲಾಭ ಬೇರೆ. ಎಲೆ ಅಂಚು, ತೊಟ್ಟು, ಬುಡದ ಕೂದಲು, ಹಣ್ಣಿನ ಒಳಗೆ ಎಷ್ಟು ಕೋಣೆ, ಇವೆಲ್ಲ ನೋಡಬೇಕಾದ ಸಂಗತಿಗಳು ಅಂತ ಅದು ಕೇಳಿ ಕೇಳಿ ಕಲಿಸಿತು. ಆಮೇಲಿಂದ ಗಿಡದ ಫೋಟೊ ಅಂದರೆ ನನಗೆ ಒಂದಲ್ಲ: ಇಡೀ ಗಿಡ, ಎಲೆಯ ಮುಂದೆ, ಎಲೆಯ ಹಿಂದೆ, ಕಾಂಡಕ್ಕೆ ಎಲೆ ಸೇರುವ ಜಾಗ, ಹೂವಿನ ಬಗಲು, ಸಿಕ್ಕರೆ ಕಾಯಿ.

ಹುಳಗಳ ವಿಷಯ ಬಂದರೆ ಮಾತು ಉದ್ದವಾಗುತ್ತದೆ. ಎರಡೇ ಹೇಳುತ್ತೇನೆ.

ಮೊದಲನೆಯದು ಚಿಟ್ಟೆ. ಕ್ರಿಮ್ಸನ್ ರೋಸ್ ಅಂತ ಒಂದಿದೆ. ಕಪ್ಪು ರೆಕ್ಕೆ, ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನ ರೆಕ್ಕೆಯಲ್ಲಿ ಕಡುಗೆಂಪು ಚುಕ್ಕೆ. ಇದರ ಮರಿಹುಳ ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆಯುತ್ತದೆ. ಆ ಬಳ್ಳಿಯ ವಿಷ ಮೈಗೆ ಸೇರುವುದರಿಂದ ಹಕ್ಕಿಗಳು ಇದನ್ನು ಬಾಯಿಗೆ ಹಾಕುವುದಿಲ್ಲ. ಅದಕ್ಕೇ ಅವಸರವಿಲ್ಲದೆ ಹಾರುತ್ತದೆ. ಇನ್ನೊಂದು ಕಾಮನ್ ಮಾರ್ಮನ್, ಹಿತ್ತಲಿನ ಕರಿಬೇವಿನ ಮೇಲೆ ಮೊಟ್ಟೆ ಇಡುವ ಚಿಟ್ಟೆ. ಅದಕ್ಕೆ ವಿಷ ಗಿಷ ಏನಿಲ್ಲ. ಗಂಡು ಕಪ್ಪಗೆ, ಹಿಂದಿನ ರೆಕ್ಕೆ ಮೇಲೆ ಬಿಳಿ ಚುಕ್ಕೆಗಳ ಸಾಲು. ಹೆಣ್ಣುಗಳಲ್ಲಿ ಮಾತ್ರ ಕೆಲವು ಗಂಡಿನ ಹಾಗೇ ಇರುತ್ತವೆ, ಕೆಲವು ಕಾಮನ್ ರೋಸ್ ಅನ್ನುವ ಇನ್ನೊಂದು ವಿಷದ ಚಿಟ್ಟೆಯ ವೇಷ ಹಾಕುತ್ತವೆ, ಇನ್ನು ಕೆಲವು ಕ್ರಿಮ್ಸನ್ ರೋಸ್ ವೇಷ ಹಾಕುತ್ತವೆ. ಹಕ್ಕಿಗೆ ಮೋಸ ಮಾಡೋಕೆ.

ಲಂಟಾನ ಪೊದೆ ಹತ್ತಿರ ಎರಡೂ ಒಟ್ಟಿಗೆ ಸಿಕ್ಕಿದ ದಿನ ನಾನು ಕದಲಲಿಲ್ಲ. ರೆಕ್ಕೆಯಲ್ಲಿ ವ್ಯತ್ಯಾಸ ಹುಡುಕಿದರೆ ತಲೆ ಕೆಡುತ್ತದೆ. ನೋಡಬೇಕಾದ್ದು ಹೊಟ್ಟೆ. ಕ್ರಿಮ್ಸನ್ ರೋಸ್‌ಗೆ ತಲೆ, ಹೊಟ್ಟೆ ಎರಡೂ ಕುಂಕುಮದ ಕೆಂಪು. ವೇಷ ಹಾಕಿದ ಮಾರ್ಮನ್‌ಗೆ ಮೈ ಕಪ್ಪು. ರೆಕ್ಕೆಗೆ ಬಣ್ಣ ಬಳಿದುಕೊಂಡಿತು, ಮೈಗೆ ಬಳಿಯೋದು ಮರೆತಿತು! ಈ ವೇಷಗಳನ್ನೆಲ್ಲ ಡಬಲ್‌ಸೆಕ್ಸ್ ಅನ್ನುವ ಒಂದೇ ಜೀನ್ ನಡೆಸುತ್ತದೆ ಅಂತ 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಸಂಶೋಧನೆ ಬಂತು. ಬರೆದವರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಕೃಷ್ಣಮೇಘ ಕುಂಟೆ ಕೂಡ ಒಬ್ಬರು. ಹೆಣ್ಣು ಗಂಡು ಅಂತ ತೀರ್ಮಾನಿಸುವ ಜೀನೇ ವೇಷವನ್ನೂ ತೀರ್ಮಾನಿಸುತ್ತದೆ ಅಂದರೆ ನೋಡಿ.

ಎರಡನೆಯದು ಇರುವೆ ಅಲ್ಲದ ಇರುವೆ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗ ಎಲ್ಲರಿಗೂ ಗೊತ್ತು. ಮಲೆನಾಡಿನವರು ಇದನ್ನೇ ಚಗಳಿ ಅಂತಾರೆ, ಚಟ್ನಿ ಮಾಡುತ್ತಾರೆ. ಕಚ್ಚಿಸಿಕೊಂಡವರು ಹತ್ತಿರ ಹೋಗುವುದಿಲ್ಲ. ಆ ಸಾಲಿನ ಪಕ್ಕದಲ್ಲಿ, ಸಾಲಿಗೆ ಸೇರದೆ ಒಂದು ಕೆಂಜಿಗ ಒಂಟಿಯಾಗಿ ತಿರುಗುತ್ತಿತ್ತು. ಅದೇ ಬಣ್ಣ, ಅದೇ ಸಣ್ಣ ನಡು. ಎರಡು ಮೀಸೆ ಎತ್ತಿ ಆಡಿಸುತ್ತಿತ್ತು. ಬೆರಳು ಹತ್ತಿರ ತಂದೆ. ಎಲೆ ಅಂಚಿನಿಂದ ಕೆಳಗೆ ಬಿತ್ತು, ಆದರೆ ನೆಲಕ್ಕಲ್ಲ. ನೂಲು ಹಿಡಿದು ಗಾಳಿಯಲ್ಲಿ ನೇತಾಡಿತು. ಇರುವೆ ನೂಲು ಬಿಟ್ಟು ಇಳಿಯುತ್ತದಾ? ಕಾಲು ಎಣಿಸಿದೆ. ಮೀಸೆ ಅಂತ ಆಡಿಸುತ್ತಿದ್ದದ್ದು ಮುಂಗಾಲು. ಅವೂ ಸೇರಿದರೆ ಎಂಟು. ಕೆಂಜಿಗನ ವೇಷದ ಜಿಗಿಯುವ ಜೇಡ, ಮಿರ್ಮಾಪ್ಲಾಟಾ. ಗಂಡಿಗೆ ಬಾಯಿಯ ದವಡೆ ಎಷ್ಟು ಉದ್ದ ಅಂದರೆ, ಒಂದು ಕೆಂಜಿಗ ಇನ್ನೊಂದನ್ನು ಕಚ್ಚಿಕೊಂಡು ಹೋಗುತ್ತಿರುವ ಹಾಗೆ ಕಾಣುತ್ತದೆ.

ಇನ್ನು ಅಣಬೆ. ಮೇ ತಿಂಗಳ ಗುಡುಗು ಮಳೆ ಎರಡು ಸಲ ಬಿದ್ದರೆ ಸಾಕು, ಹುಲ್ಲುಹಾಸಿನ ಮೇಲೆ ರಾತ್ರೋರಾತ್ರಿ ಬಿಳಿ ಕೊಡೆಗಳು. ಊರವರು ಒಟ್ಟಾಗಿ ನಾಯಿಕೊಡೆ ಅಂದು ಮುಗಿಸುತ್ತಾರೆ. ವಾಕಿಂಗ್ ಬಂದವರಲ್ಲಿ ಕೆಲವರಿಗೆ ಅದನ್ನು ಒದೆಯದೆ ಮುಂದೆ ಹೋಗೋಕೇ ಆಗಲ್ಲ, ಯಾಕೋ ಗೊತ್ತಿಲ್ಲ.

ಅಣಬೆಯನ್ನು ಜನ ಮೇಲಿಂದ ಫೋಟೊ ತೆಗೆಯುತ್ತಾರೆ. ಮೇಲೆ ಟೋಪಿ ಬಿಟ್ಟರೆ ಏನೂ ಇಲ್ಲ. ವಿಷಯ ಎಲ್ಲ ಇರೋದು ಅಡಿಯಲ್ಲಿ. ಅಡಿಯಲ್ಲಿ ಪುಸ್ತಕದ ಹಾಳೆಯಂಥ ಪದರವೋ, ಸೂಜಿಮೊನೆಯಷ್ಟು ತೂತುಗಳೋ? ಪದರ ಕಾಂಡಕ್ಕೆ ಅಂಟಿದೆಯೋ, ಅಂಟದೆ ನಿಂತಿದೆಯೋ? ಕಾಂಡಕ್ಕೆ ಉಂಗುರ ಇದೆಯೋ? ಉಂಗುರ ಮೇಲೆ ಕೆಳಗೆ ಜರುಗುತ್ತದೆಯೋ? ಬುಡ ಮಣ್ಣಿನಲ್ಲಿ ಹೇಗೆ ಮುಗಿದಿದೆ? ಬುಡ ನೋಡಬೇಕಾದರೆ ಕಿತ್ತುಹಾಕಬಾರದು, ಪಕ್ಕದಿಂದ ಮಣ್ಣು ಬಿಡಿಸಬೇಕು. ನೆಲದ ಮೇಲೆ ಮಲಗದೆ ಅಣಬೆ ಗುರುತಿಸೋಕೆ ಆಗುವುದಿಲ್ಲ. ನನ್ನ ಚೂಡಿದಾರದ ಮೊಣಕಾಲಿನ ಕಲೆ ಇನ್ನೂ ಹೋಗಿಲ್ಲ.

ನಮ್ಮ ಹುಲ್ಲುಹಾಸಿನಲ್ಲಿ ಎದ್ದದ್ದು ದೊಡ್ಡ ಅಣಬೆ. ಬಿಳಿ ಟೋಪಿ, ಮೇಲೆ ಕಂದು ಹಕ್ಕಳೆಗಳು, ಜರುಗುವ ಉಂಗುರ. ಅಡಿಯ ಪದರ ಬಿಳಿ. ನೋಡಿದರೆ ಬಾಯಲ್ಲಿ ನೀರೂರುವ ಹಾಗಿತ್ತು. ತಿನ್ನುವ ಕೊಡೆ ಅಣಬೆಗಳಲ್ಲಿ ಕೆಲವು ಹೀಗೇ ಇರುತ್ತವೆ. "ಕತ್ತರಿಸಿ ತಗೊಂಡು ಹೋಗು, ಅಚ್ಚು ತೆಗೆ" ಅಂದಳು ಗೆಳತಿ.

ಅಚ್ಚು ಅಂದರೆ ಅಡಿಯ ಪದರದಿಂದ ಉದುರುವ ಬೀಜಕಣದ ಪುಡಿಯ ಗುರುತು. ತೆಗೆಯೋದು ಹೀಗೆ. ಒಂದು ಬಿಳಿ ಹಾಳೆಯ ಅರ್ಧಕ್ಕೆ ಕಪ್ಪು ಹಾಳೆ ಅಂಟಿಸಬೇಕು. ಬೀಜಕಣ ಬಿಳಿಯಾಗಿದ್ದರೆ ಬಿಳಿ ಹಾಳೆ ಮೇಲೆ ಕಾಣುವುದಿಲ್ಲವಲ್ಲ, ಅದಕ್ಕೆ. ಅಣಬೆಯ ಕಾಂಡ ಕತ್ತರಿಸಿ, ಟೋಪಿಯನ್ನು ಪದರ ಕೆಳಗಾಗುವ ಹಾಗೆ ಎರಡು ಬಣ್ಣದ ಗಡಿ ಮೇಲೆ ಇಡಬೇಕು. ಮೇಲೊಂದು ಹನಿ ನೀರು. ಗಾಳಿ ಆಡದ ಹಾಗೆ ಬಟ್ಟಲು ಬೋರಲು ಹಾಕಬೇಕು. ರಾತ್ರಿಯಿಡೀ ಬಿಡಬೇಕು. ಹಾಸ್ಟೆಲ್ ರೂಮಿನಲ್ಲಿ ಇದನ್ನು ಮಾಡೋದು ಅಂದರೆ ರೂಮ್‌ಮೇಟ್ ಹತ್ತಿರ ಬೈಸಿಕೊಳ್ಳೋದು. "ಅದು ಊಟದ ಬಟ್ಟಲು ಕಣೇ!" ಅಂದಳು. ಆಮೇಲೆ ಅದಕ್ಕೇ ಅಂತ ಒಂದು ಪ್ಲಾಸ್ಟಿಕ್ ಬಟ್ಟಲು ತಂದಿಟ್ಟುಕೊಂಡೆ.

ಬೆಳಿಗ್ಗೆ ಟೋಪಿ ಎತ್ತಿದಾಗ ಹಾಳೆ ಮೇಲೆ ಚಕ್ರದ ಕಡ್ಡಿಗಳ ಹಾಗೆ ಗೆರೆ ಬಿದ್ದಿದ್ದವು. ಒಂದೊಂದು ಪದರದ ನಡುವಿನಿಂದ ಉದುರಿದ ಪುಡಿ ಒಂದೊಂದು ಗೆರೆ. ಬಣ್ಣ ಹಸಿರು! ಒಣಗಿದ ಪಾಚಿಯ ಮಂಕು ಹಸಿರು. ಬೆರಳ ತುದಿಯಲ್ಲಿ ಮುಟ್ಟಿದರೆ ನುಣುಪು ಪುಡಿ ಅಂಟಿತು. ಹಸಿರು ಅಚ್ಚು ಬಿಡುವ ಇಂಥ ದೊಡ್ಡ ಕೊಡೆ ಅಂದರೆ ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ಎಳೆಯದಿದ್ದಾಗ ಪದರ ಬಿಳಿ, ಬಲಿತ ಮೇಲೆ ಹಸಿರಾಗುತ್ತದೆ. ತಿಂದರೆ ವಾಂತಿ, ಭೇದಿ ಖಂಡಿತ. ಅಮೆರಿಕದಲ್ಲಿ ಜನ ತಪ್ಪಿ ತಿನ್ನುವ ವಿಷದ ಅಣಬೆಗಳಲ್ಲಿ ಇದರ ಪಾಲೇ ಜಾಸ್ತಿ. ಆ್ಯಪ್ ತೋರಿಸಿದ ಹೆಸರು ನಂಬಿ ಅಣಬೆ ತಿನ್ನುವ ಧೈರ್ಯ ಯಾರಾದರೂ ಮಾಡುತ್ತಾರೆ ಅಂದರೆ ನನಗೆ ಈ ಹಸಿರು ಹಾಳೆ ನೆನಪಾಗುತ್ತದೆ. ಹಳ್ಳಿಯಲ್ಲಿ ಹುತ್ತದ ಅಣಬೆ ಕಿತ್ತು ಸಾರು ಮಾಡುವವರು ತಲೆತಲಾಂತರದಿಂದ ಅದೇ ಹುತ್ತ, ಅದೇ ಅಣಬೆ ನೋಡಿದವರು. ಗೆದ್ದಲು ಭೂಮಿಯೊಳಗೆ ಸಾಕುವ ಅಣಬೆ ಅದು. ಕೆದಕುತ್ತ ಹೋದರೆ ಕಾಂಡ ಬೇರಿನ ಹಾಗೆ ಉದ್ದಕ್ಕೆ ಗೂಡಿನವರೆಗೆ ಇಳಿಯುತ್ತದೆ, ಅಚ್ಚು ತೆಳುಗುಲಾಬಿ. ಹುಲ್ಲುಹಾಸಿನದಕ್ಕೂ ಅದಕ್ಕೂ ಹತ್ತಿರದ ನೆಂಟಸ್ತನ ಇಲ್ಲ.

ಮಳೆ ಇಲ್ಲದ ಕಾಲದಲ್ಲೂ ಸಿಗುವ ಅಣಬೆ ಒಂದಿದೆ. ಬಿದ್ದ ಕೊಂಬೆ ಮೇಲೆ ಬೂದು ಬಿಳಿ ಬೀಸಣಿಗೆಗಳು, ಉಗುರಿನಷ್ಟಗಲ, ಮೇಲೆ ಉಣ್ಣೆಯಂಥ ಕೂದಲು. ಸ್ಕಿಜೊಫಿಲಮ್ ಕಮ್ಯೂನ್. ಅಡಿಯ ಪದರಗಳು ಉದ್ದಕ್ಕೆ ಸೀಳಿಕೊಂಡಿರುತ್ತವೆ. ಒಣಗಿದಾಗ ಸೀಳು ಎರಡು ಕಡೆಗೆ ಸುರುಳಿ ಸುತ್ತಿ ಮುಚ್ಚಿಕೊಳ್ಳುತ್ತದೆ. ಒಣಗಿದ್ದೊಂದನ್ನು ತಂದು ಒದ್ದೆ ಹತ್ತಿಯ ಮೇಲಿಟ್ಟು ಲೆನ್ಸಿನಲ್ಲಿ ನೋಡುತ್ತ ಕೂತರೆ, ನೀರು ಕುಡಿದಂತೆ ಪದರ ನಿಧಾನಕ್ಕೆ ಬಿಚ್ಚುತ್ತದೆ. ಇದರಲ್ಲಿ ಗಂಡು, ಹೆಣ್ಣು ಅಂತ ಎರಡೇ ಇಲ್ಲ. ಕೂಡಿಕೆಯ ಬಗೆ 20 ಸಾವಿರಕ್ಕೂ ಜಾಸ್ತಿ ಇವೆಯಂತೆ. ನಮ್ಮ ಕಡೆ ಜಾತಕ ನೋಡುವವರಿಗೆ ಸಿಕ್ಕರೆ ಕಷ್ಟ.

ಇದನ್ನೆಲ್ಲ ದಾಖಲಿಸೋದು ಐನ್ಯಾಚುರಲಿಸ್ಟ್ ಅನ್ನುವ ಆ್ಯಪ್‌ನಲ್ಲಿ. ಅದೂ ಹುಟ್ಟಿದ್ದು ಒಂದು ಕ್ಯಾಂಪಸ್ಸಿನಲ್ಲೇ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಓದುತ್ತಿದ್ದ ಮೂವರು ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಅದು. ಫೋಟೊ, ದಿನಾಂಕ, ಜಾಗ ಹಾಕಿದರೆ ಆ್ಯಪ್ ಒಂದು ಹೆಸರು ಊಹಿಸುತ್ತದೆ. ಆ ಊಹೆ ತೆಗೆದುಕೊಳ್ಳೋದು, ಬಿಡೋದು ನಮ್ಮ ಕೈಲಿದೆ. ನನ್ನ ಪದ್ಧತಿ ಇಷ್ಟೇ. ಫೋಟೊದಲ್ಲಿ ನಾನು ತೋರಿಸಬಲ್ಲಷ್ಟು ಮಾತ್ರ ಹೇಳೋದು. ತುಂಬೆಯ ಬಟ್ಟಲು ಸ್ಪಷ್ಟವಾಗಿದ್ದರೆ ಜಾತಿಯವರೆಗೆ. ಇಲ್ಲದಿದ್ದರೆ ತುಂಬೆಯ ಕುಲ ಅಂತ ನಿಲ್ಲಿಸೋದು. ಆಮೇಲೆ ಗೊತ್ತಿರುವವರು ಬಂದು ಒಪ್ಪುತ್ತಾರೆ, ಇಲ್ಲವೇ ತಿದ್ದುತ್ತಾರೆ. ಹೆಸರು ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಜಾತಿ ಅಂದರೆ ದಾಖಲೆ ರಿಸರ್ಚ್ ಗ್ರೇಡ್, ಅಂದರೆ ಸಂಶೋಧನೆಗೆ ಬಳಸಬಹುದಾದ ದರ್ಜೆ, ಆಗುತ್ತದೆ. ನೆಟ್ಟ ಮರಕ್ಕೆ 'ಬೆಳೆಸಿದ್ದು' ಅಂತ ಗುರುತು ಹಾಕಬೇಕು. ಹಾಗೆ ಹಾಕಿದರೆ ಅದು ರಿಸರ್ಚ್ ಗ್ರೇಡ್‌ಗೆ ಹೋಗುವುದಿಲ್ಲ. ಗ್ರೇಡ್ ಆಸೆಗೆ ಗುಲ್‌ಮೊಹರನ್ನು ಕಾಡುಮರ ಮಾಡುವವರೂ ಇದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ.

ಮೈಸೂರಿನಲ್ಲಿ ಇದ್ದುಕೊಂಡು ಒಂದು ಎಚ್ಚರಿಕೆ ತಪ್ಪದೇ ಬೇಕು. ಶ್ರೀಗಂಧ. ಹಕ್ಕಿ ಬೀಜ ಬೀಳಿಸಿದಲ್ಲಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಗುಲಿಸಿಕೊಂಡು, ಅರ್ಧ ಅದರ ಅನ್ನ ಉಂಡು ಬೆಳೆಯುವ ಮರ. ಬೇಲಿ ಸಾಲಿನಲ್ಲಿ ಎಳೆಯದೊಂದು ಕಂಡಾಗ ಸಂತೋಷಕ್ಕೆ ಮೊದಲು ಭಯವಾಯಿತು. ಜಾಗದ ಸಮೇತ ಹಾಕಿದರೆ ಗರಗಸ ಹಿಡಿದವರಿಗೆ ನಾವೇ ಮ್ಯಾಪ್ ಕೊಟ್ಟ ಹಾಗೆ, ಅಲ್ವಾ? ಐನ್ಯಾಚುರಲಿಸ್ಟ್‌ನಲ್ಲಿ ಜಾಗ ಮಸುಕು ಮಾಡುವ ಸೌಲಭ್ಯ ಇದೆ. ಆಗ ಗುರುತು 0.2 ಡಿಗ್ರಿ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಕಾಣುತ್ತದೆ. ಅಂದರೆ ಚೌಕದ ಅಗಲವೇ ಸುಮಾರು 22 ಕಿಲೋಮೀಟರ್. ಅಳಿವಿನ ಅಂಚಿನ ಜೀವಿಗಳಿಗೆ ಆ್ಯಪ್ ತಾನಾಗಿ ಹೀಗೆ ಮಾಡುತ್ತದೆ. ಆದರೂ ಶ್ರೀಗಂಧ, ನಕ್ಷತ್ರ ಆಮೆ, ಗೂಡಿನಲ್ಲಿ ಮರಿ ಇರುವ ಹಕ್ಕಿ ಇವಕ್ಕೆ ನಾನೇ ಇನ್ನೊಂದು ಸಲ ನೋಡಿಕೊಳ್ಳುತ್ತೇನೆ. ಫೋಟೊ ಹಿಂದೆ ಕಟ್ಟಡದ ಬೋರ್ಡ್ ಕಾಣುತ್ತಿದ್ದರೆ ಅದನ್ನೂ ಕತ್ತರಿಸುತ್ತೇನೆ.

ಹೆಸರೇ ಸಿಗದೆ ನಿಂತವು ಬೇಕಾದಷ್ಟಿವೆ. ಒಂದು ಸಣ್ಣ ಜಿಗಿಯುವ ಜೇಡಕ್ಕೆ ಜೇಡ ಬಲ್ಲವರೊಬ್ಬರು ಬಂದು, ಇದರ ಜಾತಿ ಹೇಳಬೇಕಾದರೆ ಸೂಕ್ಷ್ಮದರ್ಶಕದಲ್ಲಿ ಜನನಾಂಗ ನೋಡಬೇಕು, ಫೋಟೊದಿಂದ ಆಗದ ಕೆಲಸ ಅಂತ ಬರೆದು ಹೋದರು. ಜೇಡ ಕೊಂದು ನೋಡುವ ಮನಸ್ಸು ನನಗಿಲ್ಲ. ಅದು ಕುಲದ ಹೆಸರಿನಲ್ಲೇ ಇರಲಿ. ಗೋಣಿ ಮರದ ಬುಡದಲ್ಲಿ ಎದ್ದ ಬೆರಳುದ್ದದ ಕಂದು ಅಣಬೆಯ ಕಥೆ ಬೇರೆ. ಅದರ ಅಚ್ಚು ನನ್ನ ಹತ್ತಿರ ಇದೆ, ಕಡುಗಂದು. ಫಾಯಿಲ್‌ನಲ್ಲಿ ಸುತ್ತಿ, ದಿನಾಂಕ ಬರೆದು ಇಟ್ಟಿದ್ದೇನೆ. ಗೆಳತಿಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಖಾಲಿ ಇರುವ ದಿನ ಸ್ಲೈಡ್ ಮಾಡಿ ಬೀಜಕಣದ ಉದ್ದಗಲ ಅಳೆಯಬೇಕು. ಅದರ ಮೇಲ್ಮೈ ನುಣುಪೋ ಒರಟೋ ನೋಡಬೇಕು. ಅಷ್ಟು ಸಿಕ್ಕರೆ ಪುಸ್ತಕದ ಮುಂದಿನ ಜೋಡಿ ಪ್ರಶ್ನೆಗೆ ಹೋಗಬಹುದು. "ಥೀಸಿಸ್ ಕೊಟ್ಟ ಮೇಲೆ ಬಾ" ಅಂದಿದ್ದಾಳೆ.